ಟರ್ಮಿನಲ್‌ನಲ್ಲೇ ಪಾಸ್‌ವರ್ಡ್: ಯಾವ ಕಮಾಂಡ್ ಎಲ್ಲಿಗೆ ಸರಿ?

ಸರ್ವರ್ ನೋಡಿಕೊಳ್ಳುವವರಿಗೆ ಹೊಸ ಪಾಸ್‌ವರ್ಡ್ ಬೇಕಾಗದ ವಾರವೇ ಇಲ್ಲ. ಡೇಟಾಬೇಸ್‌ಗೆ ಹೊಸ ಯೂಸರ್, ಕೆಲಸಕ್ಕೆ ಸೇರಿದವರಿಗೆ ಲಾಗಿನ್, ಬ್ಯಾಕಪ್ ಡಿಸ್ಕ್, ಮನೆಯ ವೈಫೈ, ಹೀಗೆ ಒಂದಲ್ಲ ಒಂದು ಬರುತ್ತಲೇ ಇರುತ್ತದೆ. ಪಾಸ್‌ವರ್ಡ್ ಮಾಡಿಕೊಡುವ ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಆದರೆ ಮನೆಯ ಬೀಗದ ಕೈಯನ್ನು ಗುರುತು ಪರಿಚಯ ಇಲ್ಲದವರ ಹತ್ತಿರ ಮಾಡಿಸುವುದು ನನಗೆ ಒಗ್ಗುವುದಿಲ್ಲ. ಲಿನಕ್ಸ್ ಅಥವಾ ಮ್ಯಾಕ್ ಇದ್ದರೆ ಬೇಕಾದ ಸಾಮಾನು ಬಹುಪಾಲು ನಮ್ಮ ಮಷೀನ್‌ನಲ್ಲೇ ಇದೆ.

ಸಾಮಾನು ಜಾಸ್ತಿ ಇರುವುದೇ ಗೊಂದಲಕ್ಕೆ ಕಾರಣ. ಎಲ್ಲವನ್ನೂ ಬಳಸಿ ನೋಡಿದ ಮೇಲೆ ನಾನು ಈಗ ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕಮಾಂಡ್‌ಗೆ ರ‍್ಯಾಂಡಮ್ ಎನ್ನುವುದು ಎಲ್ಲಿಂದ ಬರುತ್ತಿದೆ? ಬಂದ ಪಾಸ್‌ವರ್ಡನ್ನು ಯಾರಾದರೂ ಕೈಯಲ್ಲಿ ಟೈಪ್ ಮಾಡಬೇಕಾ, ಅಥವಾ ಪೇಸ್ಟ್ ಮಾಡಿದರೆ ಮುಗಿಯಿತಾ? ಮೊದಲ ಪ್ರಶ್ನೆಯಲ್ಲಿ ಫೇಲಾದದ್ದನ್ನು ಮುಟ್ಟುವುದೇ ಬೇಡ. ಪಾಸಾದವುಗಳಲ್ಲಿ ಯಾವುದು ಅಂತ ಎರಡನೆಯ ಪ್ರಶ್ನೆಯೇ ಹೇಳುತ್ತದೆ.

ಮೊದಲು ಬೇಡದ್ದನ್ನು ಪಕ್ಕಕ್ಕಿಡೋಣ. ಇಂಟರ್ನೆಟ್‌ನಲ್ಲಿ ತುಂಬಾ ಓಡಾಡುವ ಒಂದು ಉಪಾಯವಿದೆ: ಡೇಟ್ ಕಮಾಂಡ್‌ನಿಂದ ಈ ಕ್ಷಣದ ಸಮಯವನ್ನು ಸೆಕೆಂಡ್ ಲೆಕ್ಕದಲ್ಲಿ ತೆಗೆದುಕೊಳ್ಳುವುದು, ಅದನ್ನು ಎಸ್‌ಎಚ್‌ಎ-256 ಹ್ಯಾಶ್ ಮಾಡುವುದು (ಕೊಟ್ಟದ್ದನ್ನು ಕಲಸಿ ನಿಗದಿತ ಉದ್ದದ ಸಾಲಾಗಿಸುವುದು), ಅದಕ್ಕೆ ಮತ್ತೆ ಬೇಸ್64 (ಬೈಟ್‌ಗಳನ್ನು 64 ಗುರುತುಗಳಲ್ಲಿ ಬರೆಯುವ ಕ್ರಮ) ಹೊದಿಸಿ ಮೊದಲ 32 ಅಕ್ಷರ ಕತ್ತರಿಸುವುದು. ಬರುವ ಸಾಲು ನೋಡಲು ಭಯಂಕರ ಗಟ್ಟಿ. ಆದರೆ ಒಳಗೆ ಹೋದದ್ದು ಗಡಿಯಾರ ಮಾತ್ರ ಅಲ್ವಾ? ಒಂದು ವರ್ಷಕ್ಕೆ ಇರುವುದು ಸುಮಾರು 3 ಕೋಟಿ 15 ಲಕ್ಷ ಸೆಕೆಂಡು. ಅಂದರೆ 25 ಬಿಟ್ ಅಷ್ಟೇ (ಒಂದು ಬಿಟ್ ಹೆಚ್ಚಿದರೆ ಊಹಿಸಬೇಕಾದ ಸಾಧ್ಯತೆಗಳು ಎರಡು ಪಟ್ಟು). ಅಷ್ಟೂ ಸೆಕೆಂಡುಗಳ ಪಾಸ್‌ವರ್ಡ್ ಪಟ್ಟಿಯನ್ನು ಸಾಧಾರಣ ಲ್ಯಾಪ್‌ಟಾಪ್ ಕೆಲವೇ ನಿಮಿಷದಲ್ಲಿ ಮಾಡಿಡುತ್ತದೆ. ಆ ಅಕೌಂಟ್ ಯಾವ ದಿನ ಶುರುವಾಯಿತು ಅಂತ ಗೊತ್ತಿದ್ದವರಿಗೆ ಕೆಲಸ ಇನ್ನೂ ಸಲೀಸು.

ಈ ಉಪಾಯವನ್ನು ನಾಲ್ಕೈದು ಸಲ ಓಡಿಸಿ, ಬಂದ ಸಾಲುಗಳನ್ನು ಒಂದರ ಕೆಳಗೆ ಒಂದು ಇಟ್ಟು ನೋಡಿ. ಮೊದಲ ಅಕ್ಷರ ಯಾವಾಗಲೂ ಎಮ್, ಎನ್, ಓ, ವೈ, ಝಡ್ ಈ ಐದರಲ್ಲಿ ಒಂದು. ಐದನೆಯ ಅಕ್ಷರವೂ ಅಷ್ಟೇ, ಒಂಬತ್ತನೆಯದೂ ಅಷ್ಟೇ. ಹ್ಯಾಶ್ ಹೊರಗೆ ಬರುವಾಗಲೇ 0ಯಿಂದ 9 ಮತ್ತು ಎಯಿಂದ ಎಫ್, ಹೀಗೆ 16 ಗುರುತುಗಳಲ್ಲಿ ಬರುತ್ತದೆ. ಬೇಸ್64 ಅಂಥ ಮೂರು ಗುರುತನ್ನು ನಾಲ್ಕು ಅಕ್ಷರವಾಗಿ ಹಿಗ್ಗಿಸುತ್ತದೆ. ಹಾಗಾಗಿ ಪ್ರತಿ ನಾಲ್ಕರ ಮೊದಲ ಜಾಗಕ್ಕೆ ಐದೇ ಅಕ್ಷರಗಳ ಅವಕಾಶ. ಉದ್ದ ಬೆಳೆಯಿತು, ಬಲ ಬೆಳೆಯಲಿಲ್ಲ. ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಶ್ ಶೆಲ್‌ನ ರ‍್ಯಾಂಡಮ್ ಎಂಬ ವೇರಿಯಬಲ್ ಕೂಡ ಇದೇ ಸಾಲಿಗೆ ಸೇರಿದ್ದು. ಅದು ಕೊಡುವುದು 0ಯಿಂದ 32,767ರ ಒಳಗಿನ ಒಂದು ಸಂಖ್ಯೆ. ಪಾಸ್‌ವರ್ಡ್‌ಗೆ ಬೇಡವೇ ಬೇಡ.

ಈಗ ನಂಬಬಹುದಾದವು. ನನ್ನ ಕೈ ಮೊದಲು ಹೋಗುವುದು ಎನ್‌ಕ್ರಿಪ್ಶನ್ ಕೆಲಸಗಳ ಟೂಲ್ ಆದ ಓಪನ್‌ಎಸ್‌ಎಸ್‌ಎಲ್ ಕಡೆಗೆ. ಬಹುತೇಕ ಸರ್ವರ್‌ಗಳಲ್ಲಿ ಅದು ಮೊದಲೇ ಇರುತ್ತದೆ, ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅದರ ರ‍್ಯಾಂಡ್ ಕಮಾಂಡ್‌ಗೆ ಬೇಸ್64 ಅಂತ ಹೇಳಿ 18 ಎಂದು ಕೊಟ್ಟರೆ 18 ಬೈಟ್ ತೆಗೆದು 24 ಅಕ್ಷರ ಕೊಡುತ್ತದೆ. ಅದು 144 ಬಿಟ್, ಬೇಕಾದ್ದಕ್ಕಿಂತ ಜಾಸ್ತಿಯೇ. ಕೊಡುವ ಸಂಖ್ಯೆ ಮೂರರ ಮಗ್ಗಿಯಲ್ಲಿರಲಿ. 16 ಎಂದು ಕೊಟ್ಟರೂ 24 ಅಕ್ಷರವೇ ಬರುತ್ತದೆ, ಆದರೆ ಕೊನೆಯ ಎರಡು ಸುಮ್ನೆ ಜಾಗ ತುಂಬುವ ‘=’ ಗುರುತುಗಳು. ಇನ್ನೊಂದು ವಿಷಯ, 48 ಬೈಟ್ ದಾಟಿತೋ 64ನೆಯ ಅಕ್ಷರದ ನಂತರ ಸಾಲು ಮುರಿಯುತ್ತದೆ. ಸ್ಕ್ರಿಪ್ಟ್‌ನಲ್ಲಿ ಬಳಸುವವರು ಇದನ್ನು ನೆನಪಿಡಬೇಕು.

ಬೇಸ್64ರ ನಿಜವಾದ ತೊಂದರೆ ‘+’ ಮತ್ತು ‘/’. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ವಿಳಾಸವನ್ನು ಒಂದೇ ಸಾಲಿನಲ್ಲಿ ಬರೆಯುವಾಗ ಯೂಸರ್ ಹೆಸರು, ಪಾಸ್‌ವರ್ಡ್, ಹೋಸ್ಟ್ ಎಲ್ಲವೂ ಅದರೊಳಗೇ ಬರುತ್ತವೆ. ಪಾಸ್‌ವರ್ಡ್ ನಡುವೆ ‘/’ ಬಂದರೆ ಅಲ್ಲಿಗೆ ಹೋಸ್ಟ್ ಹೆಸರು ಮುಗಿಯಿತು ಅಂತ ಪ್ರೋಗ್ರಾಂ ತಿಳಿಯುತ್ತದೆ. ಪಾಸ್‌ವರ್ಡ್ ಸರಿಯಿದ್ದರೂ ಕನೆಕ್ಷನ್ ಆಗುವುದಿಲ್ಲ, ಎರರ್ ನೋಡಿದರೆ ಕಾರಣ ಹೊಳೆಯುವುದೂ ಇಲ್ಲ. ಅದಕ್ಕೇ ಕಾನ್ಫಿಗ್ ಫೈಲ್‌ಗೆ ಹೋಗುವ ಪಾಸ್‌ವರ್ಡ್‌ಗಳಿಗೆ ನಾನು ಹೆಕ್ಸ್ (0-9, ಎ-ಎಫ್ ಮಾತ್ರ) ಆಯ್ಕೆಯನ್ನೇ ಕೊಡುತ್ತೇನೆ. 16 ಬೈಟ್‌ಗೆ 32 ಅಕ್ಷರ, 128 ಬಿಟ್. ಉದ್ದ ಹೌದು, ಆದರೆ ಯಾರೂ ಟೈಪ್ ಮಾಡುವುದಿಲ್ಲವಲ್ಲ. ಯಾವ ಫೈಲ್‌ನಲ್ಲಿ ಇಟ್ಟರೂ ತಕರಾರು ಮಾಡುವುದಿಲ್ಲ.

ರ‍್ಯಾಂಡಮ್ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಯ ತೂಕ ತಿಳಿಯಬೇಕಾದರೆ ಓಪನ್‌ಎಸ್‌ಎಸ್‌ಎಲ್‌ನ ಹಳೆಯ ಕತೆಯೊಂದನ್ನು ನೆನೆಯಬೇಕು. ಡೆಬಿಯನ್ ಲಿನಕ್ಸ್‌ನವರು 2006ರಲ್ಲಿ ತಮ್ಮ ಪ್ಯಾಕೇಜ್‌ನಲ್ಲಿ ಮಾಡಿದ ಒಂದು ಸಣ್ಣ ಬದಲಾವಣೆಯಿಂದ ರ‍್ಯಾಂಡಮ್‌ಗೆ ಬೇಕಾದ ಬೀಜವೇ (ಯಾರೂ ಊಹಿಸಲಾಗದ ಆರಂಭದ ಮೌಲ್ಯ) ಒಳಗೆ ಹೋಗದಂತಾಯಿತು. ಉಳಿದದ್ದು ಪ್ರೋಸೆಸ್ ನಂಬರ್ ಮಾತ್ರ, ಅದು 32,768 ಬಗೆ. 2008ರ ಮೇ ತಿಂಗಳಲ್ಲಿ ವಿಷಯ ಹೊರಬಂದಾಗ, ನಡುವಿನ ಕಾಲದಲ್ಲಿ ಆ ಮಷೀನ್‌ಗಳಲ್ಲಿ ಮಾಡಿದ ಕೀಗಳನ್ನೆಲ್ಲ ಬಿಸಾಡಿ ಹೊಸದು ಮಾಡಬೇಕಾಯಿತು. ನೋಡಿದರೆ ಯಾವ ಕೀಯಲ್ಲೂ ತಪ್ಪು ಕಾಣುತ್ತಿರಲಿಲ್ಲ. ಆ ದೋಷ ಹೋಗಿ ಬಹಳ ಕಾಲವಾಯಿತು, ಇವತ್ತು ಓಪನ್‌ಎಸ್‌ಎಸ್‌ಎಲ್ ಬಳಸಲು ಹೆದರಬೇಕಿಲ್ಲ. ಆದರೆ ರ‍್ಯಾಂಡಮ್‌ನ ಕೊರತೆ ಕಣ್ಣಿಗೆ ಕಾಣುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯದು ಯಾವ ಟೂಲ್‌ನ ಹಂಗೂ ಇಲ್ಲದ ದಾರಿ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನಲ್ಲಿರುವ ರ‍್ಯಾಂಡಮ್ ಬೈಟ್‌ಗಳ ಮೂಲವಾದ ಯುರ‍್ಯಾಂಡಮ್‌ನಿಂದ ಬರುವ ಬೈಟ್‌ಗಳನ್ನು ಟಿಆರ್ ಕಮಾಂಡ್‌ಗೆ ಕೊಟ್ಟು, ಅಕ್ಷರ ಮತ್ತು ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ಅಳಿಸಲು ಹೇಳಿ, ಹೆಡ್ ಕಮಾಂಡ್‌ನಿಂದ 20 ಅಕ್ಷರ ತೆಗೆದುಕೊಳ್ಳುವುದು. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಲೆಕ್ಕದ ಸ್ವಚ್ಛತೆ. 256 ಬಗೆಯ ಬೈಟ್‌ಗಳಲ್ಲಿ 62 ಮಾತ್ರ ಉಳಿಯುತ್ತವೆ, ಮಿಕ್ಕಿದ್ದು ಕಸ. ಯಾವ ಅಕ್ಷರಕ್ಕೂ ಹೆಚ್ಚು ಕಡಿಮೆ ಅವಕಾಶವಿಲ್ಲ. 20 ಅಕ್ಷರಕ್ಕೆ 119 ಬಿಟ್. ಬೇಕಾದ ಗುರುತುಗಳನ್ನು ನಾವೇ ಆರಿಸಬಹುದು, ಹಾಗಾಗಿ ‘+’, ‘/’ ರಗಳೆಯೂ ಇಲ್ಲ.

ಆದರೆ ಹೊಸಬರ ಕೈಗೆ ಇದನ್ನು ಕೊಡಲು ನಾನು ಹಿಂದೆಮುಂದೆ ನೋಡುತ್ತೇನೆ. ಮ್ಯಾಕ್‌ನಲ್ಲಿ ಓಡಿಸಿದರೆ ಬೈಟ್‌ಗಳು ಸರಿಯಿಲ್ಲ ಅಂತ ಟಿಆರ್ ಮುಷ್ಕರ ಹೂಡುತ್ತದೆ, ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಅನ್ನು ‘ಸಿ’ ಎಂದು ಬದಲಿಸಿದರೆ ಸರಿಹೋಗುತ್ತದೆ. ಕೊನೆಗೆ ಹೊಸ ಸಾಲು ಬರದ ಕಾರಣ ಪಾಸ್‌ವರ್ಡ್‌ನ ಬಾಲಕ್ಕೆ ಪ್ರಾಂಪ್ಟ್ ಅಂಟಿಕೊಂಡಿರುತ್ತದೆ, ಕಾಪಿ ಮಾಡುವಾಗ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಆಗುವುದು ಸುಲಭ. ಗುರುತುಗಳ ಪಟ್ಟಿಯ ನಡುವೆ ‘-’ ಹಾಕಿದರೆ ಟಿಆರ್ ಅದನ್ನು ‘ಇಲ್ಲಿಂದ ಅಲ್ಲಿವರೆಗೆ’ ಎಂದು ಓದುತ್ತದೆ, ನೀವು ಕೇಳದ ಗುರುತುಗಳು ಒಳಗೆ ಬರುತ್ತವೆ. ಅದನ್ನು ಪಟ್ಟಿಯ ಕೊನೆಯಲ್ಲಿಡಬೇಕು.

ಯುರ‍್ಯಾಂಡಮ್ ಬೇಡ, ಬರಿಯ ರ‍್ಯಾಂಡಮ್ ಡಿವೈಸ್ ಬಳಸಿ ಎನ್ನುವ ಸಲಹೆ ಈಗಲೂ ಕಿವಿಗೆ ಬೀಳುತ್ತದೆ. ಅದು ಹಳೆಯ ಭಯ. ಲಿನಕ್ಸ್ 5.6ರಿಂದ, ಅಂದರೆ 2020ರಿಂದ, ಎರಡೂ ಮಷೀನ್ ಏಳುವಾಗಿನ ಮೊದಲ ಕ್ಷಣಗಳಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಒಂದೇ ಥರ ನಡೆದುಕೊಳ್ಳುತ್ತವೆ.

ಪಾಸ್‌ವರ್ಡ್ ಮಾಡಲೆಂದೇ ಇರುವ ಪಿಡಬ್ಲ್ಯುಜೆನ್ ಎಂಬ ಟೂಲ್ ಬಗ್ಗೆ ನನಗೆ ಎರಡು ಮನಸ್ಸು. ಬರೆದವರು ಟೆಡ್ ಟ್ಸೊ. 1994ರಲ್ಲಿ ಲಿನಕ್ಸ್ ಕರ್ನಲ್‌ಗೆ ರ‍್ಯಾಂಡಮ್ ಡಿವೈಸ್ ತಂದವರೂ ಇವರೇ. ಏನೂ ಹೇಳದೆ ಓಡಿಸಿದರೆ 8 ಅಕ್ಷರದ ಪಾಸ್‌ವರ್ಡ್‌ಗಳಿಂದ ಸ್ಕ್ರೀನ್ ತುಂಬಿಸುತ್ತದೆ. ಹಿಂದೆ ನಿಂತು ಇಣುಕುವವರಿಗೆ ನೀವು ಯಾವುದನ್ನು ಆರಿಸಿದಿರಿ ಅಂತ ತಿಳಿಯಬಾರದು ಎಂಬ ಲೆಕ್ಕ. ಒಳ್ಳೆಯ ಯೋಚನೆಯೇ, ಆದರೆ ಆರಿಸುವ ಕೆಲಸ ಮನುಷ್ಯರ ಕೈಗೆ ಬಂತು ಅಂದರೆ ಚೆಂದ ಕಂಡದ್ದರ ಮೇಲೆ ಕಣ್ಣು ಹೋಗುತ್ತದೆ. ಜೊತೆಗೆ ಇವು ಬಾಯಲ್ಲಿ ಹೇಳಲು ಬರುವಂತೆ ಸ್ವರ ವ್ಯಂಜನ ಜೋಡಿಸಿ ಮಾಡಿದವು, ಪೂರ್ತಿ ರ‍್ಯಾಂಡಮ್ ಅಲ್ಲ. ಪೂರ್ತಿ ರ‍್ಯಾಂಡಮ್ ಮಾಡಿಸುವ ಮೈನಸ್ ಎಸ್ (-s) ಆಯ್ಕೆ ಕೊಡದೆ ಇದನ್ನು ಬಳಸಲೇಬೇಡಿ.

ಮೈನಸ್ ಎಸ್ ಕೊಟ್ಟ ಪಿಡಬ್ಲ್ಯುಜೆನ್ ಎಲ್ಲಿ ಗೆಲ್ಲುತ್ತದೆ ಅಂದರೆ ಫೋನ್‌ನಲ್ಲಿ. ಹಾಸನದ ದೊಡ್ಡಪ್ಪನ ಮನೆಗೆ ಹೊಸ ರೂಟರ್ ಬಂದಾಗ ವೈಫೈ ಪಾಸ್‌ವರ್ಡ್ ಇಲ್ಲಿಂದ ನಾನು ಓದಬೇಕು, ಅಲ್ಲಿ ಅವರು ಒತ್ತಬೇಕು. ಬೇಸ್64 ಸಾಲು ಓದಿದ್ದರೆ “ಅದು ಸೊನ್ನೆನೋ ಓನೋ, ಸರಿಯಾಗಿ ಹೇಳೋ ಮಗಾ” ಅಂತ ಪ್ರತಿ ಅಕ್ಷರಕ್ಕೂ ನಿಲ್ಲಿಸುತ್ತಿದ್ದರು. ಪಿಡಬ್ಲ್ಯುಜೆನ್‌ನಲ್ಲಿ ಮೈನಸ್ ಕ್ಯಾಪಿಟಲ್ ಬಿ ಎಂದರೆ ಸೊನ್ನೆ-ಓ, ಒಂದು-ಎಲ್, ಐದು-ಎಸ್ ಥರದ ಒಂದಕ್ಕೊಂದು ಹೋಲುವ ಗುರುತುಗಳೆಲ್ಲ ಹೋಗುತ್ತವೆ. ಮೈನಸ್ ಕ್ಯಾಪಿಟಲ್ ಎ ಎಂದರೆ ದೊಡ್ಡಕ್ಷರವೇ ಇಲ್ಲ. ಎರಡನ್ನೂ ಸೇರಿಸಿದರೆ ಉಳಿಯುವುದು 29 ಗುರುತು, 16 ಅಕ್ಷರಕ್ಕೆ ಸುಮಾರು 77 ಬಿಟ್. ಮನೆಯ ವೈಫೈಗೆ ಧಾರಾಳ. ನಾಲ್ಕು ನಾಲ್ಕು ಅಕ್ಷರವಾಗಿ ಓದಿದೆ, “ಮುಂದೆ ಹೇಳು” ಅನ್ನುತ್ತಾ ದೊಡ್ಡಪ್ಪ ಒಂದೇ ಸಲಕ್ಕೆ ಸರಿಯಾಗಿ ಹಾಕಿದರು.

ಇದೇ ಜಾತಿಯ ಎಪಿಜಿ ಕೂಡ ಇದೆ. ಅದರ ಉಚ್ಚಾರಕ್ಕೆ ಒಗ್ಗುವ ಪಾಸ್‌ವರ್ಡ್‌ಗಳ ಹಿಂದಿರುವುದು ಅಮೆರಿಕ ಸರ್ಕಾರದ 1993ರ ಮಾನದಂಡ, ಅದನ್ನು 2015ರಲ್ಲಿ ಅವರೇ ವಾಪಸ್ ಪಡೆದರು. ಈಗ ಹೊಸದಾಗಿ ಕಲಿಯುವ ಅಗತ್ಯ ನನಗೆ ಕಾಣಲಿಲ್ಲ.

ಪದಗಳ ದಾರಿ ಬೇರೆಯೇ. ಡಿಸ್ಕ್ ಎನ್‌ಕ್ರಿಪ್ಶನ್ ಪಾಸ್‌ವರ್ಡನ್ನು ಮಷೀನ್ ಆನ್ ಮಾಡಿದಾಗಲೆಲ್ಲ ಕೈಯಲ್ಲೇ ಒತ್ತಬೇಕು, ಅಲ್ಲಿ ಪೇಸ್ಟ್ ಇಲ್ಲ, ತಲೆಯಲ್ಲೂ ಉಳಿಯಬೇಕು. ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ದಾಳ ಉರುಳಿಸಿ ಪದ ಆರಿಸುವ ಡೈಸ್‌ವೇರ್ ವಿಧಾನ ಕೊಟ್ಟರು. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಇಎಫ್‌ಎಫ್ ಸಂಸ್ಥೆ 2016ರಲ್ಲಿ ಅದಕ್ಕೆ ಇನ್ನೂ ಸುಲಭದ 7,776 ಇಂಗ್ಲಿಷ್ ಪದಗಳ ಪಟ್ಟಿ ಮಾಡಿತು. ಐದು ದಾಳಕ್ಕೆ ಒಂದು ಪದ. ಟರ್ಮಿನಲ್‌ನಲ್ಲಿ ದಾಳದ ಕೆಲಸವನ್ನು ಶಫ್ ಕಮಾಂಡ್ ಮಾಡುತ್ತದೆ. ಆರು ಪದಕ್ಕೆ ಸುಮಾರು 77 ಬಿಟ್, ಅಂದರೆ ದೊಡ್ಡಪ್ಪನ 16 ಅಕ್ಷರಕ್ಕೆ ಸಮ. ಶಫ್‌ಗೆ ರ‍್ಯಾಂಡಮ್ ಮೂಲ ಯುರ‍್ಯಾಂಡಮ್ ಅಂತ ಬಿಡಿಸಿ ಹೇಳಿ. ಹೇಳದಿದ್ದರೆ ಅದು ಸ್ವಲ್ಪ ಬೀಜ ಹಾಕಿದ ತನ್ನದೇ ಜನರೇಟರ್ ಬಳಸುತ್ತದೆ. ಮತ್ತೆ, ಬಂದ ಪದ ಇಷ್ಟವಾಗಲಿಲ್ಲ ಅಂತ ಬದಲಿಸುತ್ತಾ ಕೂರಬೇಡಿ, ಬಂದದ್ದು ಬಂದ ಹಾಗೇ ಇರಲಿ.

ಇಂಗ್ಲಿಷ್ ಪದ ಯಾಕೆ, ಕನ್ನಡವೇ ಆಗಬಾರದಾ? ಆಗಬಹುದು, ಆದರೆ ಕನ್ನಡ ಲಿಪಿಯಲ್ಲಿ ಬೇಡ. ಬೂಟ್ ಆಗುವ ಸ್ಕ್ರೀನ್‌ನಲ್ಲಿ ಕನ್ನಡ ಕೀಬೋರ್ಡ್ ಸಿಗುವುದಿಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ‘ಕೊ’ ಎನ್ನುವುದನ್ನು ಯೂನಿಕೋಡ್‌ನಲ್ಲಿ ಕ ಜೊತೆ ಒಂದೇ ಚಿಹ್ನೆ ಇಟ್ಟೂ ಬರೆಯಬಹುದು, ಎತ್ವ ಮತ್ತು ಊಕಾರದ ಗುರುತು ಹೀಗೆ ಎರಡು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್‌ಗಳು ಬೇರೆ. ಪಾಸ್‌ವರ್ಡ್ ತಪ್ಪು ಎಂದು ಬರುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ. ಹಾಗಾಗಿ ನಾನು ಹುಣಸೆ, ಜಗಲಿ, ಮಜ್ಜಿಗೆ, ಗುದ್ದಲಿ ಥರದ 2,048 ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಒಂದು ಪದಕ್ಕೆ ಸರಿಯಾಗಿ 11 ಬಿಟ್, ಏಳು ಪದಕ್ಕೆ 77. ಪಟ್ಟಿ ಮಾಡುವಾಗ ಕಷ್ಟವಾದದ್ದು ದೀರ್ಘಾಕ್ಷರ. ‘ಬಾಳೆ’ಗೆ ಎ ಒಂದಾ ಎರಡಾ ಅಂತ ಒಂದು ನಿಯಮ ಮಾಡಿಕೊಳ್ಳದಿದ್ದರೆ ನೆನಪಿದ್ದೂ ತಪ್ಪು ಒತ್ತುತ್ತೇವೆ. ಹಾಗಾಗಿ ದೀರ್ಘ ಇರುವ ಪದಗಳನ್ನು ಆದಷ್ಟೂ ಬಿಟ್ಟೆ. ಇಂಗ್ಲಿಷ್ ಪಟ್ಟಿಗಿಂತ ಒಂದು ಪದ ಜಾಸ್ತಿ ಬೇಕು, ಆದರೂ ನನಗೆ ಇದೇ ಬೇಗ ಬಾಯಿಗೆ ಬರುತ್ತದೆ.

ಮಾಡಿದ್ದನ್ನು ಇಡಲೂ ಜಾಗ ಬೇಕಾದವರು ಪಾಸ್ ಎಂಬ ಟೂಲ್ ನೋಡಿ. ಬರೆದವರು ಜೇಸನ್ ಡೊನೆನ್‌ಫೆಲ್ಡ್. ಒಳಗೆ ಅದೂ ಯುರ‍್ಯಾಂಡಮ್ ಮತ್ತು ಟಿಆರ್‌ ಜೋಡಿಯನ್ನೇ ಬಳಸುತ್ತದೆ. 25 ಅಕ್ಷರ ಮಾಡಿ, ಜಿಪಿಜಿ ಎಂಬ ಎನ್‌ಕ್ರಿಪ್ಶನ್ ಟೂಲ್‌ನಿಂದ ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ. ಮೈನಸ್ ಸಿ ಕೊಟ್ಟರೆ ಸ್ಕ್ರೀನ್ ಮೇಲೆ ತೋರಿಸದೆ ಕ್ಲಿಪ್‌ಬೋರ್ಡ್‌ಗೆ ಹಾಕಿ 45 ಸೆಕೆಂಡ್ ಆದಮೇಲೆ ಅಳಿಸುತ್ತದೆ. ನನ್ನ ಸ್ವಂತ ಅಕೌಂಟ್‌ಗಳಿಗೆಲ್ಲ ಈಗ ಇದೇ.

ಯಾವುದನ್ನು ಬಳಸಿದರೂ, ಹುಟ್ಟಿದ ಪಾಸ್‌ವರ್ಡನ್ನು ಮುಂದಿನ ಕಮಾಂಡ್‌ನ ಸಾಲಿನಲ್ಲಿ ಹಾಗೇ ಬರೆಯಬೇಡಿ. ಅದು ಹಿಸ್ಟರಿ ಫೈಲ್‌ನಲ್ಲಿ ಉಳಿಯುತ್ತದೆ, ಓಡುತ್ತಿರುವಷ್ಟು ಹೊತ್ತು ನಡೆಯುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಪಿಎಸ್ ಕಮಾಂಡ್‌ನಲ್ಲಿ ಅದೇ ಸರ್ವರ್‌ನ ಬೇರೆಯವರಿಗೂ ಕಾಣಬಹುದು. ಪಾಸ್‌ವರ್ಡ್ ಕೇಳುವ ಪ್ರಾಂಪ್ಟ್ ಇದ್ದರೆ ಅಲ್ಲೇ ಪೇಸ್ಟ್ ಮಾಡಿ. ಬರೆಯಲೇಬೇಕಾಗಿ ಬಂದರೆ ಸಾಲಿನ ಮೊದಲು ಒಂದು ಸ್ಪೇಸ್ ಬಿಡಿ. ಉಬುಂಟುವಿನ ಬ್ಯಾಶ್ ಅಂಥ ಸಾಲನ್ನು ಹಿಸ್ಟರಿಗೆ ಸೇರಿಸುವುದಿಲ್ಲ, ಇನ್ನೊಂದು ಶೆಲ್ ಆದ ಝಡ್‌ಶೆಲ್‌ನಲ್ಲಿ ಆ ಆಯ್ಕೆಯನ್ನು ನೀವೇ ಆನ್ ಮಾಡಿಕೊಳ್ಳಬೇಕು. ಪಿಎಸ್‌ನಲ್ಲಿ ಕಾಣುವುದನ್ನು ಮಾತ್ರ ಸ್ಪೇಸ್ ತಡೆಯುವುದಿಲ್ಲ.