ಹೋಮ್ ಥಿಯೇಟರ್‌ಗೆ 1.5 ಚದರ ಮಿ.ಮೀ. ತಾಮ್ರದ ವೈರ್: ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಮನೆ ವೈರಿಂಗ್‌ಗೆ ಬಳಸುವ ಬಹು ಎಳೆಯ ತಾಮ್ರದ ವೈರನ್ನೇ, ಕೆಂಪು ಒಂದು ಕಪ್ಪು ಒಂದು ಜೊತೆಯಾಗಿ ಹುರಿಮಾಡಿ, 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಹೋಮ್ ಥಿಯೇಟರಿನ ಸ್ಪೀಕರ್‌ಗಳಿಗೆ ಎಳೆದದ್ದು. 1.5 ಚದರ ಮಿ.ಮೀ. ವೈರ್ ಸಾಮಾನ್ಯ ಹಾಲ್‌ಗೆ ಧಾರಾಳವಾಗಿ ಸಾಕು. ದುಬಾರಿ ಸ್ಪೀಕರ್ ಕೇಬಲ್ ಬೇಕಿಲ್ಲ.

ದಪ್ಪವನ್ನು ನಿರ್ಧರಿಸುವುದು ಎರಡೇ ಸಂಗತಿ: ವೈರಿನ ಉದ್ದ, ಸ್ಪೀಕರಿನ ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಅಂದರೆ ರೋಧದ ಅಳತೆ). ಹೋಗಿ ಬರುವ ಎರಡೂ ವೈರ್‌ಗಳ ಒಟ್ಟು ರೋಧ ಸ್ಪೀಕರ್ ಓಮ್‌ನ ಶೇ. 5 ಮೀರಬಾರದು. 1.5ರ ವೈರ್‌ಗೆ ಮೀಟರಿಗೆ ಗರಿಷ್ಠ 0.0133 ಓಮ್ ರೋಧ. ಜೋಡಿಗೆ ಅದರ ಎರಡರಷ್ಟು. ಆ ಲೆಕ್ಕದಲ್ಲಿ 8 ಓಮ್ ಸ್ಪೀಕರ್‌ಗೆ 15 ಮೀಟರ್, 6 ಓಮ್‌ಗೆ 11, 4 ಓಮ್‌ಗೆ ಏಳೂವರೆ ಮೀಟರ್‌ವರೆಗೆ ಎಳೆಯಬಹುದು. 2.5ರ ವೈರ್ ಆದರೆ ಅದೇ ಕ್ರಮದಲ್ಲಿ 25, 18, 12 ಮೀಟರ್. ಮುಂದಿನ ಮೂರು ಸ್ಪೀಕರ್‌ಗಳಿಗೆ 1.5 ಹಾಕಿ, ಹಿಂದಿನ ಸರೌಂಡ್ ಸ್ಪೀಕರ್ 4 ಓಮ್‌ನದಾಗಿದ್ದರೆ ಅದಕ್ಕೆ ಮಾತ್ರ 2.5 ತನ್ನಿ. ಉದ್ದವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡಬೇಡಿ. ಗೋಡೆಗುಂಟ, ಬಾಗಿಲ ಚೌಕಟ್ಟಿನ ಮೇಲಿಂದ ಇಳಿಯುವಂತೆ ದಾರ ಹಿಡಿದು ಅಳೆಯಿರಿ. ನೇರ 6 ಮೀಟರ್ ಇರುವ ಕಡೆ ವೈರ್ 12 ಮೀಟರ್ ಬೇಡುವುದು ಮಾಮೂಲು.

ಅಂಗಡಿಯಲ್ಲಿ ಗೇಜ್ (ವೈರಿನ ದಪ್ಪ ಸೂಚಿಸುವ ಸಂಖ್ಯೆ) ಎಂದು ಕೇಳಿದರೆ ಗೊಂದಲ ಖಚಿತ. ಅಮೆರಿಕದ 16 ಗೇಜ್ ಅಂದರೆ 1.31 ಚದರ ಮಿ.ಮೀ.; ಬ್ರಿಟಿಷ್ ಪದ್ಧತಿಯ 16 ಗೇಜ್ 2.08. ಸುರುಳಿಯ ಮೇಲೆ 40/38 ಎಂದಿದ್ದರೆ 38 ಗೇಜಿನ 40 ಎಳೆಗಳೆಂದು ಅರ್ಥ, ಒಟ್ಟು ಸುಮಾರು 0.73 ಚದರ ಮಿ.ಮೀ. ಮಾತ್ರ. ಹಾಗಾಗಿ ಚದರ ಮಿ.ಮೀ.ನಲ್ಲೇ ಕೇಳಿ.

ದಪ್ಪಕ್ಕಿಂತ ದೊಡ್ಡ ಮೋಸ ಲೋಹದಲ್ಲಿದೆ. ಅಲ್ಯೂಮಿನಿಯಂ ಎಳೆಗೆ ತೆಳುವಾಗಿ ತಾಮ್ರ ಲೇಪಿಸಿದ ವೈರ್ ನೋಡಲು ಥೇಟ್ ತಾಮ್ರದಂತೆಯೇ, ರೋಧ ಮಾತ್ರ ಸುಮಾರು ಒಂದೂವರೆ ಪಟ್ಟು. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಬಿಟ್ಟುಬಿಡಿ. (ತವರ ಲೇಪಿಸಿದ ತಾಮ್ರ ಇದಕ್ಕೆ ಉಲ್ಟಾ: ಹೊರಗೆ ಬಿಳಿ, ಒಳಗೆ ಕೆಂಪು.) ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ ಸುರುಳಿ ಕತ್ತರಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಮೊದಲು ಎರಡೂ ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಬರುವ ಅಂಕಿಯನ್ನು ಗುರುತಿಟ್ಟುಕೊಳ್ಳಿ. ಆಮೇಲೆ 90 ಮೀಟರ್ ಸುರುಳಿಯ ಎರಡು ತುದಿಗಳನ್ನು ಅಳೆದು ಅದನ್ನು ಕಳೆಯಿರಿ. 1.5ರ ಅಸಲಿ ತಾಮ್ರವಾದರೆ 1.2 ಓಮ್ ದಾಟಬಾರದು. 1.8ರ ಆಸುಪಾಸು ಬಂದರೆ ಒಂದೋ ಲೋಹ ಬೇರೆ, ಇಲ್ಲವೇ ದಪ್ಪ ಕಡಿಮೆ.

ಕೊರತೆಗಳೂ ಇವೆ. ಈ ವೈರ್ ಬಿರುಸು. ರಿಸೀವರ್ (ಸ್ಪೀಕರ್‌ಗಳನ್ನು ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಹಿಂದೆ ಜಾಗ ಇಕ್ಕಟ್ಟಾಗಿದ್ದರೆ ಬಾಗಿಸುವುದು ಕಷ್ಟ, ಹಗುರ ಸ್ಪೀಕರನ್ನು ಅದೇ ತಿರುಗಿಸಿಬಿಡುತ್ತದೆ. ಸ್ಪ್ರಿಂಗ್ ಕ್ಲಿಪ್ ಇರುವ ಸ್ಪೀಕರ್‌ಗಳಲ್ಲಿ 2.5 ಸಾಮಾನ್ಯವಾಗಿ ತೂರುವುದಿಲ್ಲ. ಹಾಗೆಂದು ಎಳೆ ಕತ್ತರಿಸಿ ಸಣ್ಣ ಮಾಡುವ ಬದಲು ಪಿನ್ ಮಾದರಿಯ ಲಗ್ (ತುದಿಗೆ ತೊಡಿಸುವ ಲೋಹದ ಕೊಳವೆ) ಹಾಕಿ ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ.

ಕಾಲ ಕಳೆದಂತೆ ಕೆಡುವುದು ವೈರ್ ಅಲ್ಲ, ತುದಿ. ಕರಾವಳಿಯ ಉಪ್ಪುಗಾಳಿಯಲ್ಲಂತೂ ತೆರೆದ ತಾಮ್ರ ಬೇಗ ಕಪ್ಪಾಗಿ, ಹಸಿರು ಹಿಡಿಯುತ್ತದೆ. ಎರಡು ಸೆಂ.ಮೀ. ಕತ್ತರಿಸಿ ಹೊಸದಾಗಿ ಸುಲಿದರೆ ಸರಿಹೋಗುತ್ತದೆ. ಅದಕ್ಕೇ ಪ್ರತಿ ತುದಿಯಲ್ಲೂ ಒಂದಡಿ ಹೆಚ್ಚುವರಿ ಬಿಟ್ಟಿರಬೇಕು. ಸ್ಕ್ರೂ ಬಿಗಿಯುವ ಬನಾನಾ ಪ್ಲಗ್‌ಗೆ (ಸ್ಪೀಕರ್ ಟರ್ಮಿನಲ್‌ಗೆ ತೂರಿಸುವ ಪಿನ್) ಹಾಕುವ ತುದಿಗೆ ಬೆಸುಗೆ ಹಚ್ಚಬೇಡಿ. ಒತ್ತಡಕ್ಕೆ ಬೆಸುಗೆ ನಿಧಾನವಾಗಿ ಚಪ್ಪಟೆಯಾಗಿ ಸ್ಕ್ರೂ ಸಡಿಲವಾಗುತ್ತದೆ, ಆಗ ಸದ್ದು ಬಿಟ್ಟು ಬಿಟ್ಟು ಬರುತ್ತದೆ. ಬರಿ ಎಳೆಗಳನ್ನೇ ತಿರುಚಿ ಬಿಗಿದು, ವರ್ಷಕ್ಕೊಮ್ಮೆ ರಿಸೀವರ್ ಆಫ್ ಮಾಡಿ ಮತ್ತೆ ಬಿಗಿಯಿರಿ. ಒಂದೇ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗಿ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗಬಹುದು, ಅಂದರೆ ತನ್ನ ರಕ್ಷಣೆಗಾಗಿ ತಾನೇ ಸದ್ದು ನಿಲ್ಲಿಸಬಹುದು.

ಎಡ-ಬಲ ವೈರ್‌ಗಳ ಉದ್ದ ಸಮ ಇರಲೇಬೇಕೆಂಬ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ. 8 ಓಮ್ ಸ್ಪೀಕರ್‌ಗೆ ಒಂದು ಕಡೆ 4 ಮೀಟರ್, ಇನ್ನೊಂದು ಕಡೆ 12 ಇದ್ದರೂ ಸದ್ದಿನ ಅಂತರ ಕಾಲು ಡೆಸಿಬೆಲ್‌ಗಿಂತ ಕಡಿಮೆ, ರಿಸೀವರಿನಲ್ಲೇ ಹೊಂದಿಸಬಹುದು. ಉಳಿದ ಉದ್ದವನ್ನು ಸುತ್ತಿಡುವ ಅಗತ್ಯವಿಲ್ಲ. ಕರೆಂಟ್ ವೈರ್ ಇರುವ ಕಂಡ್ಯೂಟ್ ಪೈಪಿನಲ್ಲಿ ಮಾತ್ರ ಇದನ್ನು ಎಳೆಯಬೇಡಿ, ಬೇರೆ ಪೈಪು ಹಾಕಿಸಿ.