ಮನೆ ಕಟ್ಟಿಸುವಾಗ ಕೊಂಡ ರಸಮಟ್ಟ, ಈಗಲೂ ಕೆಲಸಕ್ಕೆ ಬರ್ತಿದೆ

ಮಂಡ್ಯದಲ್ಲಿ ಮನೆ ಕಟ್ಟಿಸುವಾಗ ಎರಡಡಿಯ ಅಲ್ಯೂಮಿನಿಯಂ ರಸಮಟ್ಟ, ಅಂದರೆ ಮಟ್ಟ ನೋಡುವ ಪಟ್ಟಿ (ಸ್ಪಿರಿಟ್ ಲೆವೆಲ್) ತೆಗೆದುಕೊಂಡಿದ್ದೆ. ಅದರ ಕೊಳವೆಯ ದ್ರವದಲ್ಲಿರುವ ಗುಳ್ಳೆ ಎರಡು ಗೆರೆಗಳ ನಡುವೆ ನಿಂತರೆ ಮಟ್ಟ ಸರಿ ಎಂದರ್ಥ. ಗೃಹಪ್ರವೇಶವಾಗಿ ವರ್ಷಗಳೇ ಕಳೆದವು. ವಾಷಿಂಗ್ ಮೆಷಿನ್ ಜಾಗ ಬದಲಿಸಿದರೂ, ಗೋಡೆಗೆ ಶೆಲ್ಫ್ ಹಾಕಿದರೂ ಈಗಲೂ ಮೊದಲು ಹುಡುಕುವುದು ಇದನ್ನೇ.

ಅಂಗಡಿಯಲ್ಲಿ ಮೊದಲು ತೋರಿಸಿದ್ದು ನೋಡೋಕೆ ಚೆನ್ನಾಗಿಯೇ ಇತ್ತು. ಜೊತೆಗೆ ಬಂದಿದ್ದ ಮೇಸ್ತ್ರಿ ಅದನ್ನು ಕೌಂಟರ್ ಮೇಲಿಟ್ಟು ಗುಳ್ಳೆ ನೋಡಿದರು. ಆಮೇಲೆ ಅದೇ ಜಾಗದಲ್ಲಿ ಎಡಬಲ ತಿರುಗಿಸಿ ಇಟ್ಟರು. ನಡುವೆ ನಿಂತಿದ್ದ ಗುಳ್ಳೆ ಗೆರೆ ದಾಟಿತು. "ಇದು ಬೇಡ ಸಾರ್, ಸುಳ್ಳು ಹೇಳುತ್ತೆ" ಎಂದು ಪಕ್ಕಕ್ಕಿಟ್ಟರು. ಕೌಂಟರ್ ವಾರೆಯಿದ್ದರೆ ಎರಡು ಸಲವೂ ಗುಳ್ಳೆ ಒಂದೇ ದಿಕ್ಕಿಗೆ, ಅಷ್ಟೇ ದೂರ ಸರಿದಿರಬೇಕು. ಹಾಗಾಗದಿದ್ದರೆ ದೋಷ ಪಟ್ಟಿಯದೇ. ಕೊಳವೆ ನೇರ ಕಂಡರೂ ಒಳಗೆ ನಡುಭಾಗ ಚೂರು ಮೇಲಕ್ಕೆ ಉಬ್ಬಿರುತ್ತದೆ, ಗುಳ್ಳೆ ಎತ್ತರದ ಜಾಗ ಹಿಡಿದು ನಿಲ್ಲುತ್ತದೆ. ಕೊಳವೆ ಕೂರಿಸುವಾಗ ಕೂದಲೆಳೆಯಷ್ಟು ಓರೆಯಾದರೂ ಕೆಲಸ ಕೆಟ್ಟಿತು. ಬ್ರಾಂಡ್ ಯಾವುದಾದರೂ ಇರಲಿ, ತಿರುಗಿಸಿ ನೋಡದೆ ದುಡ್ಡು ಕೊಡಬೇಡಿ.

ಮಟ್ಟಕ್ಕಿಂತ ವಾಟ (ನೀರು ಹರಿಯಲು ಬಿಡುವ ಇಳಿಜಾರು) ನೋಡೋಕೆ ನನಗಿದು ಜಾಸ್ತಿ ಉಪಯೋಗಕ್ಕೆ ಬಂತು. ಬಚ್ಚಲಿಗೆ ನೂರಕ್ಕೆ ಒಂದು ವಾಟ ಬೇಕು ಅಂದುಕೊಳ್ಳಿ. ಎರಡಡಿಗೆ ಸುಮಾರು 6 ಮಿ.ಮೀ. ಆಯಿತು. ನೀರು ಹೋಗುವ ಜಾಲರಿ ಕಡೆಗಿರುವ ಪಟ್ಟಿಯ ತುದಿಯ ಕೆಳಗೆ 6 ಮಿ.ಮೀ. ಪ್ಲೈವುಡ್ ಚೂರು ಇಡಿ. ಗುಳ್ಳೆ ನಡುವೆ ಬಂದರೆ ವಾಟ ಸರಿ, ನೀರು ನಿಲ್ಲುವುದಿಲ್ಲ. ಟೈಲ್ಸ್ ಹಾಕುವವರ ಪಕ್ಕ ನಿಂತು ಇದನ್ನು ಮಾಡಿದರೆ ಅವರಿಗೆ ಸ್ವಲ್ಪ ಕಿರಿಕಿರಿ. ಆಗಲಿ ಬಿಡಿ, ಆ ಬಚ್ಚಲಲ್ಲಿ ನಾಳೆ ಸ್ನಾನ ಮಾಡೋರು ನಾವು ತಾನೆ?

ಬಿಸಿಲಲ್ಲಿ ತಾರಸಿ ಮೇಲೆ ಇಟ್ಟರೆ ಗುಳ್ಳೆ ಸಣ್ಣದಾಗುತ್ತದೆ. ಒಳಗಿರುವುದು ಆಲ್ಕೋಹಾಲ್, ಕಾದರೆ ಹಿಗ್ಗುತ್ತದೆ, ಗಾಬರಿ ಬೇಡ. ಎರಡೂ ಗೆರೆಗಳಿಂದ ಗುಳ್ಳೆ ಸಮದೂರದಲ್ಲಿದ್ದರೆ ಸಾಕು. ಅಂಚಿಗೆ ಅಂಟಿದ ಸಿಮೆಂಟನ್ನು ಮಾತ್ರ ಅವತ್ತೇ ಕೆರೆದು ತೆಗೆಯಿರಿ. ಒಂದು ಕಾಳು ಮರಳು ಅಡಿಯಲ್ಲಿ ಕೂತರೂ ಮಟ್ಟ ತಪ್ಪುತ್ತದೆ. ಮೊಬೈಲ್ ಆ್ಯಪ್ ಸುಮ್ನೆ ಆಟಕ್ಕೆ ಸರಿ. ಕ್ಯಾಮೆರಾ ಉಬ್ಬಿರುವ ಫೋನು ನೆಟ್ಟಗೆ ಕೂರುವುದೇ ಇಲ್ಲ.

ಕೊರತೆ ಇಲ್ಲ ಅಂತಲ್ಲ. ಇಂಥ ಪಟ್ಟಿಗಳ ಮೇಲೆ ಸಾಮಾನ್ಯವಾಗಿ ಮೀಟರಿಗೆ 0.5 ಮಿ.ಮೀ. ಎಂದು ಬರೆದಿರುತ್ತದೆ. ಹತ್ತಡಿಗೆ ಅದೇ ಒಂದೂವರೆ ಮಿ.ಮೀ. ಆಗುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮಟ್ಟ ಹಿಡಿಯಲು ನೀರು ತುಂಬಿದ ಟ್ಯೂಬ್ ಲೆವೆಲ್ಲೇ ಬೇಕು. ಗೋಡೆಯ ನೆಟ್ಟಗೆಗೆ ನಮ್ಮ ಮೇಸ್ತ್ರಿ ದಾರ, ಗುಂಡು ಬಿಟ್ಟು ಬೇರೇನೂ ನಂಬುತ್ತಿರಲಿಲ್ಲ. ನನ್ನ ಪಟ್ಟಿಯ ಒಂದು ತುದಿಯ ಪ್ಲಾಸ್ಟಿಕ್ ಮುಚ್ಚಳವೂ ಬಿದ್ದುಹೋಗಿದೆ. ಇನ್ನೊಂದು ಕೊಳ್ಳುವುದಾದರೆ ಅಡಿಯಲ್ಲಿ ಆಯಸ್ಕಾಂತ ಇರುವುದನ್ನೇ ನೋಡುತ್ತೇನೆ. ಕಬ್ಬಿಣದ ಗೇಟಿಗೆ ತಾನೇ ಅಂಟಿಕೊಂಡರೆ ಸ್ಕ್ರೂ ತಿರುಗಿಸೋಕೆ ಎರಡೂ ಕೈ ಸಿಗುತ್ತವೆ.