ಅರ್ಧ ಇಂಚಿನ ಟಾರ್ಕ್ ರೆಂಚ್: ದೊಡ್ಡ ಬೋಲ್ಟಿಗೆ ಸರಿ, ಸಣ್ಣದಕ್ಕಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಯೊಂದರಲ್ಲಿ ₹2,800 ಕೊಟ್ಟು ತಂದ ಈ ಟಾರ್ಕ್ ರೆಂಚನ್ನು, ಅಂದರೆ ಬೋಲ್ಟನ್ನು ಬೇಕಾದಷ್ಟೇ ಬಿಗಿಯಲು ನೆರವಾಗುವ ಪಾನಾವನ್ನು, ನನ್ನ ಹಳೆಯ ಪೆಟ್ರೋಲ್ ಕಾರಿನ ಹೆಡ್ ಗ್ಯಾಸ್ಕೆಟನ್ನು (ಎಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಪದರ) ಮನೆಯಂಗಳದಲ್ಲೇ ಬದಲಿಸುವಾಗ ಚೆನ್ನಾಗಿ ದುಡಿಸಿಕೊಂಡಿದ್ದೇನೆ. ಹಿಡಿಕೆ ತಿರುಗಿಸಿ ನಿಗದಿಪಡಿಸಿದಷ್ಟು ಬಿಗಿ ಬಂದೊಡನೆ ‘ಟಕ್’ ಎನ್ನುವ ಬಗೆಯದು. ಸಾಕೆಟ್ ಕೂರುವ ಚೌಕ ತುದಿ ಅರ್ಧ ಇಂಚಿನದು. ಬಿಗಿತದ ಅಳತೆ 28ರಿಂದ 210 ನ್ಯೂಟನ್ ಮೀಟರ್‌ವರೆಗೆ ಇದೆ. ಚಕ್ರದ ನಟ್ಟುಗಳನ್ನು ಇಷ್ಟು ವರ್ಷ ಪಾನಾದ ಮೇಲೆ ಕಾಲಿಟ್ಟು ಬಿಗಿಯುತ್ತಿದ್ದ ನನಗೆ, ಅವುಗಳಿಗೆ ಬೇಕಾದ 85 ನ್ಯೂಟನ್ ಮೀಟರ್ ಎಷ್ಟು ಹಗುರವಾಗಿ ಬರುತ್ತದೆ ಎಂಬುದು ತಿಳಿದದ್ದೇ ಇದರಿಂದ.

ಸಣ್ಣ ಬೋಲ್ಟುಗಳಲ್ಲಿ ಮಾತ್ರ ಕೈಸುಟ್ಟುಕೊಂಡೆ. ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ 6 ಮಿಲಿಮೀಟರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಕನಿಷ್ಠ ಅಳತೆಗಿಟ್ಟು ಬಿಗಿದರೆ ನಡೆಯುತ್ತದೆ ಎಂದು ಅಂಗಡಿಯವರು ಹೇಳಿದ್ದನ್ನು ನಂಬಿ ಹಾಗೆಯೇ ಮಾಡಿದೆ. ‘ಟಕ್’ ಕೇಳುವ ಮೊದಲೇ ಬೋಲ್ಟಿನ ತಲೆ ಕಳಚಿ ಕೈಗೆ ಬಂತು. ಹೆಡ್ಡಿನೊಳಗೆ ಉಳಿದ ತುಂಡನ್ನು ತೆಗೆಸಲು ಲೇಥ್ ಅಂಗಡಿಗೆ ₹600 ತೆರಬೇಕಾಯಿತು. ಇಂಥ ಕೆಲಸಕ್ಕೆ ಕಾಲು ಇಂಚಿನ ಇನ್ನೊಂದು ರೆಂಚ್ ಬೇಕೇ ಬೇಕು.

ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಹೆಡ್ ಬೋಲ್ಟುಗಳ ಕಥೆ ಬೇರೆ. ಪಕ್ಕದ ಓಣಿಯ ಮಿಸ್ತ್ರಿ “ಹಳೇವೇ ನಡಿತಾವ್ರಿ ಸರ್” ಎಂದರು. ಆದರೆ ನನ್ನ ಎಂಜಿನ್ನಿನವು ಬಿಗಿಯುವಾಗ ಹಿಗ್ಗಿ, ಮತ್ತೆ ಪೂರ್ತಿ ಮೊದಲಿನ ಉದ್ದಕ್ಕೆ ಮರಳದ ಜಾತಿಯವು. ಕೈಪಿಡಿಯೂ ಹೊಸದನ್ನೇ ಹಾಕಲು ಹೇಳುತ್ತದೆ. ಹಳೆಯದೊಂದನ್ನು ಹೊಸದರ ಪಕ್ಕ ನಿಲ್ಲಿಸಿದರೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಉದ್ದವಾಗಿತ್ತು, ಬೆರಳಿನಿಂದ ತಿರುಗಿಸಿದ ನಟ್ಟು ಥ್ರೆಡ್ಡಿನ ನಡುವೆ ಬಂದು ಸಿಕ್ಕಿಕೊಂಡಿತು. ರೆಂಚ್ ಇದನ್ನು ಹೇಳಲಾರದು. ಅದು ಅಳೆಯುವುದು ತಿರುಗಿಸಲು ಬೇಕಾದ ಬಲವನ್ನು ಮಾತ್ರ; ಅದರಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ತಲೆಯಡಿಯ ಮತ್ತು ಥ್ರೆಡ್ಡಿನ ತಿಕ್ಕಾಟಕ್ಕೇ ಹೋಗುವುದರಿಂದ, ತುಕ್ಕು ಹಿಡಿದ ಬೋಲ್ಟು ಸಾಕಷ್ಟು ಹಿಡಿಯದಿದ್ದರೂ ರೆಂಚ್ ‘ಟಕ್’ ಎಂದುಬಿಡುತ್ತದೆ, ಎಣ್ಣೆ ಹೆಚ್ಚಾದರೆ ಅದೇ ಅಳತೆಯಲ್ಲಿ ಬೋಲ್ಟನ್ನು ಮಿತಿಮೀರಿ ಎಳೆಯುತ್ತದೆ. ಹೀಗಾಗಿ ಕೈಪಿಡಿ ಹೇಳಿದಷ್ಟೇ ಎಣ್ಣೆ ಸವರಿ, ಬ್ಲಾಕಿನ ರಂಧ್ರಗಳಲ್ಲಿ ನಿಂತಿದ್ದ ನೀರನ್ನು ಬಟ್ಟೆಯಿಂದ ಹೀರಿ ತೆಗೆದೆ. ಹಾಗೇ ಬಿಟ್ಟಿದ್ದರೆ ಬೋಲ್ಟು ಒಳಗಿಳಿಯುವಾಗಿನ ಒತ್ತಡಕ್ಕೆ ಬ್ಲಾಕೇ ಸೀಳಬಹುದಿತ್ತು. ನಡುವಿನಿಂದ ಹೊರಕ್ಕೆ ಮೊದಲ ಹಂತ ಬಿಗಿಯುವಷ್ಟಕ್ಕೆ ರೆಂಚಿನ ಕೆಲಸ ಮುಗಿಯಿತು. ಆಮೇಲಿನ ಕೊನೆಯ 90 ಡಿಗ್ರಿ ತಿರುವನ್ನು ಪ್ರತಿ ಬೋಲ್ಟಿನ ತಲೆಗೆ ಬಿಳಿ ಬಣ್ಣದ ಚುಕ್ಕೆಯಿಟ್ಟು ಕಣ್ಣಳತೆಯಲ್ಲೇ ತಿರುಗಿಸಿದೆ. ಹಿಗ್ಗುವ ಜಾತಿಯಲ್ಲದ ಬ್ರಾಕೆಟ್ ಬೋಲ್ಟುಗಳನ್ನು ತಂತಿ ಬ್ರಷ್‌ನಿಂದ ಉಜ್ಜಿ ಮತ್ತೆ ಬಳಸಿದ್ದೇನೆ.

ಪೆಟ್ಟಿಗೆಯ ಮೇಲೆ ಅಳತೆಯಲ್ಲಿ ಶೇಕಡಾ 4ರಷ್ಟು ವ್ಯತ್ಯಾಸ ಎಂದು ಮುದ್ರಿಸಿದ್ದರೂ ಒಳಗೆ ಪರೀಕ್ಷಾ ಪ್ರಮಾಣಪತ್ರ ಇರಲಿಲ್ಲ. ಕೆಲಸ ಮುಗಿದ ಮೇಲೆ ಹಿಡಿಕೆಯನ್ನು ಕನಿಷ್ಠ ಅಳತೆಗೆ ಇಳಿಸಿಡುತ್ತೇನೆ, ಬೋಲ್ಟು ಸಡಿಲಿಸಲು ಇದನ್ನು ಮುಟ್ಟುವುದಿಲ್ಲ. ಗ್ರೀಸ್ ಮೆತ್ತಿದರೆ ಅಂಕಿಗಳು ಕಾಣುವುದಿಲ್ಲ. ಪೆಟ್ಟಿಗೆಯ ಕೊಂಡಿ ಮೂರೇ ತಿಂಗಳಲ್ಲಿ ಮುರಿದಿದ್ದರಿಂದ ಈಗ ಅದನ್ನು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿಟ್ಟಿದ್ದೇನೆ.